ಓದುಗರ ಪ್ರಶ್ನೆ: ನಾಡದೋಣಿಗೆ ಎಂತಹ ಫಿಶ್ ಫೈಂಡರ್ ಬೇಕು?

ಪ್ರಶ್ನೆ: ನನ್ನದು 28 ಅಡಿಯ ಫೈಬರ್ ನಾಡದೋಣಿ, ಔಟ್‌ಬೋರ್ಡ್ ಎಂಜಿನ್ ಇದೆ. ಬೀಡುಬಲೆ ಬಿಡುತ್ತೇವೆ, ಕೆಲವು ತಿಂಗಳು ಗಾಳವನ್ನೂ ಹಾಕುತ್ತೇವೆ. 25 ಮಾರು ಆಳದಿಂದಾಚೆಗೆ ಹೋಗುವುದು ಅಪರೂಪ. ಜಿಪಿಎಸ್ ಇರುವ ಫಿಶ್ ಫೈಂಡರ್ ಕೊಳ್ಳಬೇಕೆಂದಿದ್ದೇನೆ. ಒಂಬತ್ತು ಇಂಚಿನ ಪರದೆಯ, ಒಂದು ಕಿಲೋವಾಟ್‌ನ ಯಂತ್ರವನ್ನೇ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನನಗೆ ಅಷ್ಟು ಬೇಕೇ?
– ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಬೇಡ. 25 ಮಾರು ಎಂದರೆ ಸುಮಾರು 46 ಮೀಟರ್. ಅಷ್ಟು ಆಳಕ್ಕೆ 300ರಿಂದ 600 ವಾಟ್‌ನ ಯಂತ್ರ ಧಾರಾಳವಾಗಿ ಸಾಕು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಗರಿಷ್ಠ ವಾಟ್ ಸಂಖ್ಯೆಯನ್ನು ನಂಬದೆ, ಆರ್‌ಎಂಎಸ್ (ಕ್ಷಣಮಾತ್ರದ ಗರಿಷ್ಠವಲ್ಲದ, ಸರಾಸರಿ ಶಕ್ತಿ) ಎಂದು ನಮೂದಿಸಿರುವ ಸಂಖ್ಯೆಯನ್ನು ನೋಡಬೇಕು.

ತಾವು ಹೆಚ್ಚು ಗಮನ ಕೊಡಬೇಕಾದದ್ದು ಪರದೆಗಲ್ಲ, ನೀರಿಗೆ ಶಬ್ದವನ್ನು ಕಳಿಸಿ ಮರುದನಿಯನ್ನು ಹಿಡಿಯುವ ಟ್ರಾನ್ಸ್‌ಡ್ಯೂಸರ್‌ಗೆ. ಅದು 50 ಕಿಲೋಹರ್ಟ್ಸ್ ಆವರ್ತನದಲ್ಲಿ (ಶಬ್ದದ ಕಂಪನದ ವೇಗ) ಕೆಲಸ ಮಾಡುವಾಗ ಶಬ್ದವು ಅಗಲವಾಗಿ ಹರಡಿ ಆಳಕ್ಕಿಳಿಯುತ್ತದೆ, ಆದರೆ ಚಿತ್ರ ಒರಟಾಗಿರುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಹರವು ಕಿರಿದಾಗಿ, ತಳಕ್ಕೆ ಅಂಟಿಕೊಂಡಿರುವ ಮೀನೂ ಬಂಡೆಯೂ ಬೇರೆಬೇರೆಯಾಗಿ ಕಾಣುತ್ತವೆ. ಹರವಿನ ಕೋನ 20 ಡಿಗ್ರಿ ಇದ್ದರೆ 30 ಮೀಟರ್ ಆಳದಲ್ಲಿ ಯಂತ್ರಕ್ಕೆ ಕಾಣುವುದು ಸುಮಾರು ಹತ್ತೂವರೆ ಮೀಟರ್ ಅಗಲದ ಒಂದು ವೃತ್ತ ಮಾತ್ರ. 45 ಡಿಗ್ರಿ ಇದ್ದರೆ ಅದು 25 ಮೀಟರ್‌ನಷ್ಟಾಗುತ್ತದೆ. ನಿಮ್ಮ ಆಳಕ್ಕೆ 200 ಕಿಲೋಹರ್ಟ್ಸ್, ಇಲ್ಲವೇ ಹಲವು ಆವರ್ತನಗಳನ್ನು ಒಂದೇ ಮಿಡಿತದಲ್ಲಿ ಕಳಿಸುವ ಚರ್ಪ್ ಮಾದರಿ ಸರಿಯಾದ ಆಯ್ಕೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಯಂತ್ರ ದೋಣಿಯ ಕೆಳಗಿರುವುದನ್ನು ತೋರಿಸುತ್ತದೆಯೇ ಹೊರತು ಸುತ್ತಲಿರುವುದನ್ನಲ್ಲ. ಮೇಲ್ನೀರಿನಲ್ಲಿ ಓಡಾಡುವ ಬೂತಾಯಿಯ ಹಿಂಡು ಎಂಜಿನ್ ಸದ್ದಿಗೆ ಪಕ್ಕಕ್ಕೆ ಸರಿದುಬಿಟ್ಟರೆ ಪರದೆ ಖಾಲಿಯಾಗಿಯೇ ಇರುತ್ತದೆ. ಅಲ್ಲಿ ನೀರಿನ ಬಣ್ಣವನ್ನೂ ಹಕ್ಕಿಗಳನ್ನೂ ನೋಡಿ ಹೇಳುವ ಹಿರಿಯರ ಕಣ್ಣಿಗೆ ಬದಲಿಯಿಲ್ಲ. ಮರುದನಿ ಜೋರಾಗಿ ಬರುವುದು ಬಹುಪಾಲು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಆ ಚೀಲವಿಲ್ಲದ ಅಂಜಲ್ ಮತ್ತು ಬೊಂಡಾಸ್ ಮಸುಕಾಗಿ ಕಾಣುತ್ತವೆ. ಮೀನಿನ ಚಿತ್ರವನ್ನೇ ಮೂಡಿಸುವ ಸೌಲಭ್ಯವನ್ನು ಮೊದಲ ದಿನವೇ ನಿಲ್ಲಿಸಿಬಿಡಿ, ಏಕೆಂದರೆ ಗುಳ್ಳೆಗೂ ಕಸಕ್ಕೂ ಅದು ಮೀನಿನ ಆಕಾರವನ್ನು ಕೊಡುತ್ತದೆ. ದೋಣಿ ನಿಂತಿರುವಾಗ ಪರದೆಯ ಮೇಲೆ ಉದ್ದನೆಯ ಗೆರೆ ಕಂಡರೆ ಅದು ದೊಡ್ಡ ಮೀನೇ ಆಗಬೇಕಿಲ್ಲ, ಬಹಳ ಹೊತ್ತು ಕೆಳಗೇ ನಿಂತ ಸಣ್ಣ ಮೀನೂ ಆಗಿರಬಹುದು. ಹೀಗಾಗಿ ಈ ಯಂತ್ರದಿಂದ ತಮಗೆ ಬೀಡುಬಲೆಗಿಂತ ಗಾಳಕ್ಕೇ ಹೆಚ್ಚು ಪ್ರಯೋಜನ. ಬಲೆ ಹರಿದ ಕಲ್ಲನ್ನೂ ಮೀನು ಸಿಕ್ಕ ತಳವನ್ನೂ ಗುರುತಿಟ್ಟುಕೊಂಡು ಮತ್ತೆ ಅಲ್ಲಿಗೇ ಮರಳಲು ನೆರವಾಗುವ ಜಿಪಿಎಸ್ ಭಾಗವೇ, ನನ್ನ ಅಭಿಪ್ರಾಯದಲ್ಲಿ, ಕೊಟ್ಟ ಹಣವನ್ನು ಬೇಗ ತೀರಿಸುತ್ತದೆ.

ಜೋಡಣೆಯಲ್ಲಿ ಕೆಟ್ಟರೆ ಎಷ್ಟು ದುಬಾರಿಯ ಯಂತ್ರವೂ ವ್ಯರ್ಥ. ಎಂಜಿನ್ನಿನ ರೆಕ್ಕೆ ಎಬ್ಬಿಸುವ ಗುಳ್ಳೆಗಳು ಟ್ರಾನ್ಸ್‌ಡ್ಯೂಸರ್‌ನ ಮುಖಕ್ಕೆ ಬಂದರೆ ಓಟದಲ್ಲಿ ತಳವೇ ಕಾಣೆಯಾಗುತ್ತದೆ. ಗಟ್ಟಿ ಫೈಬರ್ ತಳವಾದರೆ ತೂತು ಕೊರೆಯದೆ ಒಳಗಿನಿಂದಲೇ ಅಂಟಿಸಬಹುದು. ಆದರೆ ನಡುವೆ ಫೋಮ್ ತುಂಬಿದ ತಳಕ್ಕೂ ಮರದ ತಳಕ್ಕೂ ಇದು ಒಗ್ಗುವುದಿಲ್ಲ. ಅಂಟಿಸುವ ಮೊದಲು, ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು ದೋಣಿಯ ಒಳತಳಕ್ಕೆ ಒತ್ತಿ ಹಿಡಿದು, ಪರದೆ ತೋರಿಸುವ ಆಳವನ್ನು ಸೀಸದ ಗುಂಡು ಕಟ್ಟಿದ ಹಗ್ಗದ ಅಳತೆಯೊಡನೆ ಹೋಲಿಸಿ ನೋಡಿ. ಎರಡೂ ಹೊಂದಿದರೆ ಆ ಜಾಗ ಸರಿ.

ಪರದೆ ಐದು ಇಂಚಿನದಾದರೂ ನಡೆದೀತು, ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಬೇಕು. ಆದ್ದರಿಂದ ಅಂಗಡಿಯ ಒಳಗಲ್ಲ, ಹೊರಗೆ ತಂದು ನೋಡಿ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ತಮ್ಮ ಎಂಜಿನ್ ಹಗ್ಗ ಎಳೆದು ಚಾಲೂ ಮಾಡುವಂಥದ್ದಾದರೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿಯೂ ಫ್ಯೂಸೂ ಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮೀನು ಸಿಗಬಹುದಾದ ಜಾಗದ ಅಕ್ಷಾಂಶ-ರೇಖಾಂಶವನ್ನು ಯಂತ್ರಕ್ಕೆ ಹಾಕಿದರೆ ಬೇರೆಯೇ ಜಾಗಕ್ಕೆ ಹೋಗುತ್ತೇವೆ. ಜಿಪಿಎಸ್ ಕೆಟ್ಟಿದೆಯೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಯಂತ್ರ ಕೆಟ್ಟಿರುವ ಸಾಧ್ಯತೆ ಕಡಿಮೆ, ಸಂಖ್ಯೆ ಬರೆಯುವ ಕ್ರಮದಲ್ಲಿ ವ್ಯತ್ಯಾಸವಾಗಿರಬಹುದು. 13 ಡಿಗ್ರಿ 20 ನಿಮಿಷ 50 ಸೆಕೆಂಡ್ ಎಂಬುದನ್ನು 13 ಡಿಗ್ರಿ 20.50 ನಿಮಿಷ ಎಂದು ಒತ್ತಿದರೆ, ಎರಡನೆಯದರಲ್ಲಿ ದಶಾಂಶದ 50 ಎಂದರೆ ಅರ್ಧ ನಿಮಿಷ, ಅಂದರೆ 30 ಸೆಕೆಂಡ್ ಮಾತ್ರ. ಅಕ್ಷಾಂಶದ ಒಂದು ನಿಮಿಷಕ್ಕೆ 1852 ಮೀಟರ್ ದೂರವಾದ್ದರಿಂದ ಈ 20 ಸೆಕೆಂಡಿನ ತಪ್ಪು ದೋಣಿಯನ್ನು 600 ಮೀಟರಿಗೂ ಹೆಚ್ಚು ದೂರ ಒಯ್ಯುತ್ತದೆ. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಸ್ಥಾನ ತೋರಿಸುವ ಕ್ರಮವನ್ನು ನಿಮಗೆ ಬರುವ ಮಾಹಿತಿಗೆ ಹೊಂದಿಸಿಕೊಳ್ಳಿ. ಬೇರೆ ದೋಣಿಯವರಿಂದ ಕಲ್ಲಿನ ಗುರುತುಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುವಾಗಲೂ ಅವರು ಸೆಕೆಂಡಿನಲ್ಲಿ ಹೇಳುತ್ತಿದ್ದಾರೋ ದಶಾಂಶದಲ್ಲಿ ಹೇಳುತ್ತಿದ್ದಾರೋ ಎಂದು ಕೇಳಿ, ಅದನ್ನೂ ಪಕ್ಕದಲ್ಲೇ ಬರೆದಿಡಿ.