ಆಫ್ರಿಕನ್ ಟಾಲ್ ಜೊತೆ ಅಲಸಂದೆ: ಸಾಲು, ಕಳೆನಾಶಕ, ಕಟಾವಿನ ವಯಸ್ಸು

ನಮಸ್ಕಾರ. 20 ಗುಂಟೆಯಲ್ಲಿ ಆಫ್ರಿಕನ್ ಟಾಲ್ ಮುಸುಕಿನ ಜೋಳ ಒಂದನ್ನೇ ಬೆಳೆದು ಹಾಕುತ್ತಿದ್ದೀರಿ, ಹಾಲಿನ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.5 ಮುಟ್ಟುತ್ತಿಲ್ಲ, ಅಲಸಂದೆ ಸೇರಿಸಿದರೆ ಹಿಂಡಿ ಖರ್ಚು ಉಳಿಯುತ್ತದಾ ಅಂತ ಕೇಳಿದ್ದೀರಿ. ಸ್ವಲ್ಪ ಉಳಿಯುತ್ತದೆ. ಆದರೆ ಇಲ್ಲಿ ಕೆಲವರು ಹೇಳಿದ ಹಾಗೆ ಹಿಂಡಿಯನ್ನೇ ನಿಲ್ಲಿಸುವಷ್ಟಲ್ಲ.

ಲೆಕ್ಕ ನೋಡಿ. ಹಸುವಿಗೆ ದಿನಕ್ಕೆ 30 ಕೆಜಿ ಹಸಿ ಜೋಳ (ಇಲ್ಲಿ ಜೋಳ ಅಂದರೆಲ್ಲ ಮುಸುಕಿನ ಜೋಳವೇ) ಹಾಕಿದರೆ ಅದರಲ್ಲಿ ಒಣ ಅಂಶ ಸುಮಾರು 6 ಕೆಜಿ. ಶೇ. 8ರ ಲೆಕ್ಕದಲ್ಲಿ ಪ್ರೋಟೀನ್ 480 ಗ್ರಾಂ. ಅದರಲ್ಲಿ 10 ಕೆಜಿ ತೆಗೆದು ಅಷ್ಟೇ ಅಲಸಂದೆ ಹಾಕಿ. ಅಲಸಂದೆಯಲ್ಲಿ ನೀರು ಜಾಸ್ತಿ, 10 ಕೆಜಿಗೆ ಒಣ ಅಂಶ ಒಂದೂವರೆ ಕೆಜಿ ಅಷ್ಟೇ. ಆದರೆ ಪ್ರೋಟೀನ್ ಶೇ. 17ರ ಹತ್ತಿರ. ಎರಡೂ ಸೇರಿ 575 ಗ್ರಾಂ ಆಗುತ್ತದೆ. ಹೆಚ್ಚಿಗೆ ಸಿಕ್ಕಿದ್ದು 95 ಗ್ರಾಂ, ಅಂದರೆ ಶೇ. 20 ಪ್ರೋಟೀನ್ ಇರುವ ಪಶು ಆಹಾರ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ದಿನಾ, ಪ್ರತಿ ಹಸುವಿಗೂ ಅಂದಾಗ ಅದು ಸಣ್ಣದಲ್ಲ, ಅಲ್ವಾ?

ಇನ್ನು ಸಾಲು. ಒಂದೊಂದು ಅಡಿಗೆ ಸಾಲು ಹೊಡೆದು ಎರಡು ಸಾಲು ಜೋಳ, ಒಂದು ಸಾಲು ಅಲಸಂದೆ ಹಾಕಿ. 20 ಗುಂಟೆಗೆ ಜೋಳ 8ರಿಂದ 10 ಕೆಜಿ, ಅಲಸಂದೆ ಎರಡೂವರೆಯಿಂದ 3 ಕೆಜಿ ಸಾಕು. ಎರಡನ್ನೂ ಕಲಸಿ ಎರಚಬೇಡಿ. ಆಫ್ರಿಕನ್ ಟಾಲ್ ಎತ್ತರ ಬಂದು ನೆರಳು ಕವಿದರೆ ಅಲಸಂದೆ ನೂಲಿನ ಹಾಗೆ ಸಣಕಲಾಗುತ್ತದೆ. ಇನ್ನೊಂದು ಮಾತು: ಸಾಲಿನ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ಮೂರಕ್ಕೊಂದು ಸಾಲು ಹಾಕಿದರೂ ಕಟಾವಿನಲ್ಲಿ ಮೂರನೇ ಒಂದು ಪಾಲು ಅಲಸಂದೆ ಬರುವುದಿಲ್ಲ, ಜೋಳವೇ ತೂಗುತ್ತದೆ. ಅದಕ್ಕೇ ನಾನು ಬದುವಿನ ಪಕ್ಕ ಎರಡು ಗುಂಟೆ ಬರೀ ಅಲಸಂದೆ ಹಾಕಿಕೊಳ್ಳುತ್ತೇನೆ. ಬೀಜಕ್ಕೆ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದ ಮೇವಿನ ಅಲಸಂದೆ ತಳಿಗಳಿವೆ, ಎಂಎಫ್‌ಸಿ-08-14 ಮತ್ತು ಎಂಎಫ್‌ಸಿ-09-1. ಕಾಳಿನ ತಳಿಗಿಂತ ಇವುಗಳಲ್ಲಿ ಸೊಪ್ಪು ಜಾಸ್ತಿ.

ನಾನು ಮೊದಲ ವರ್ಷ ಮಾಡಿದ ಎಡವಟ್ಟು ನೀವು ಮಾಡಬೇಡಿ. ಬರೀ ಜೋಳಕ್ಕೆ ಹೊಡೆಯುವ ಅಭ್ಯಾಸದಲ್ಲಿ ಬಿತ್ತಿದ ಮಾರನೇ ದಿನ ಅಟ್ರಾಜಿನ್ ಕಳೆನಾಶಕ ಹೊಡೆದುಬಿಟ್ಟೆ. ಅಲಸಂದೆ ಹುಟ್ಟಿತು, ಎರಡು ಎಲೆ ಬಿಟ್ಟಿತು, ಆಮೇಲೆ ಎಲೆಯ ಅಂಚು ಹಳದಿಯಾಗಿ, ಸುಟ್ಟ ಕಾಗದದ ಹಾಗೆ ಮುದುಡಿತು. ಜೋಳ ಮಾತ್ರ ಹಸಿರಾಗಿ ನಿಂತಿತ್ತು! ಅಟ್ರಾಜಿನ್ ದ್ವಿದಳದ ವೈರಿ. ಮಿಶ್ರ ಬೆಳೆಯಲ್ಲಿ ಬಿತ್ತಿ 20 ದಿನ ಆದಾಗ ಒಂದು ಸಲ ಕುಂಟೆ ಹೊಡೆಸಿ, ಆಮೇಲೆ ಅಲಸಂದೆಯೇ ನೆಲ ಮುಚ್ಚುತ್ತದೆ.

ಯೂರಿಯಾ ಜೋಳದ ಬುಡಕ್ಕೆ ಮಾತ್ರ, ಅದೂ ಅಳತೆಯಲ್ಲಿ. ಜಾಸ್ತಿಯಾದರೆ ಅಲಸಂದೆ ಗಾಳಿಯ ಸಾರಜನಕ ಹಿಡಿಯುವ ಬೇರು ಗಂಟು ಕಟ್ಟುವುದಕ್ಕೇ ಸೋಮಾರಿತನ ಮಾಡುತ್ತದೆ. ಬೀಜಕ್ಕೆ ರೈಜೋಬಿಯಂ (ಆ ಗಂಟು ಕಟ್ಟಿಸುವ ಜೀವಾಣು ಗೊಬ್ಬರ) ಹಚ್ಚಿ. ತಿಂಗಳಾದ ಮೇಲೆ ಒಂದು ಗಿಡ ಅಗೆದು ಗಂಟು ಸೀಳಿ ನೋಡಿ, ಒಳಗೆ ನಸುಗೆಂಪು ಇದ್ದರೆ ಕೆಲಸ ಮಾಡುತ್ತಿದೆ ಅಂತ. ಸೈನಿಕ ಹುಳಕ್ಕೆ ಔಷಧಿ ಹೊಡೆದರೆ ಡಬ್ಬದ ಮೇಲೆ ಬರೆದಷ್ಟು ದಿನ ಕಾಯದೆ ಮೇವು ಕೊಯ್ಯಬೇಡಿ.

ಕಟಾವು 60ರಿಂದ 65 ದಿನಕ್ಕೆ. ಆಗ ಅಲಸಂದೆಯಲ್ಲಿ ಹೂವು, ಎಳೆ ಕಾಯಿ ಇರುತ್ತವೆ, ಜೋಳ ತೆನೆ ಬಿಡುತ್ತಿರುತ್ತದೆ. ಇನ್ನೂ ಬಿಟ್ಟರೆ ಅಲಸಂದೆ ಎಲೆ ಉದುರಿಸುತ್ತದೆ, ಪ್ರೋಟೀನ್ ಇರುವುದೇ ಎಲೆಯಲ್ಲಿ. ಅದಕ್ಕೆ 20 ಗುಂಟೆಯನ್ನು ಒಂದೇ ದಿನ ಬಿತ್ತಬೇಡಿ, ನಾಲ್ಕು ಪಟ್ಟಿ ಮಾಡಿ ಹತ್ತು ಹತ್ತು ದಿನ ಬಿಟ್ಟು ಬಿತ್ತಿ. ಎರಡನ್ನೂ ಒಟ್ಟಿಗೆ ಚಾಫ್ ಕಟರ್‌ಗೆ (ಮೇವು ಕತ್ತರಿಸುವ ಯಂತ್ರಕ್ಕೆ) ಕೊಡಿ, ಇಲ್ಲದಿದ್ದರೆ ಹಸು ಅಲಸಂದೆ ಆರಿಸಿ ತಿಂದು ಜೋಳದ ದಂಟು ಗೋದಲಿಯಲ್ಲೇ ಬಿಡುತ್ತದೆ. ಮೊದಲ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಇಬ್ಬನಿ ಹಸಿಯಲ್ಲಿ ಕೊಯ್ದು ಹಾಗೇ ಸುರಿದರೆ ಹೊಟ್ಟೆ ಉಬ್ಬರದ ಭಯ, ಅರ್ಧ ದಿನ ಬಾಡಿಸಿ ರಾಗಿ ಹುಲ್ಲಿನ ಜೊತೆ ಹಾಕಿ.

ಸೈಲೇಜ್ (ಗಾಳಿಯಾಡದ ಹಾಗೆ ತುಂಬಿ ಹುಳಿ ಬರಿಸಿಟ್ಟ ಮೇವು) ಮಾಡುವುದಾದರೆ ಅಲಸಂದೆ ಕಾಲು ಭಾಗ ದಾಟದಿರಲಿ. ಅದರಲ್ಲಿ ಸಕ್ಕರೆ ಕಡಿಮೆ, ಹುಳಿ ಹಿಡಿಯದೆ ಕೊಳೆತು ನಾರುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನ (ರಾಗಿಯ ನಡುವೆ ಹಾಕುವ ಅವರೆ ಸಾಲಿನ) ಬಗ್ಗೆಯೂ ಕೇಳಿದ್ದಿರಿ. ಅದು ಮನೆಗೆ ಅವರೆ, ದನಕ್ಕೆ ಹೊಟ್ಟು ಕೊಡುವ ಪದ್ಧತಿ, ಹಸಿ ಮೇವಿಗೆ ಅಲ್ಲ. ಮೇವಿಗೆ ಅಲಸಂದೆ ಹಾಕಿದ್ದೀರಿ ಅಂತ ಅಕ್ಕಡಿ ಬಿಡಬೇಡಿ. ಬದುವಿನ ಪಕ್ಕದ ಅಲಸಂದೆಯಲ್ಲಿ ಎರಡು ಸಾಲು ಕೊಯ್ಯದೆ ಬಿಟ್ಟರೆ ಮುಂದಿನ ಸಲದ ಬೀಜ ಅಲ್ಲೇ ಆಗುತ್ತದೆ.