ಎರಡು ಚೀಟಿ, ಒಂದೇ ಮದ್ದು

ಪ್ರಶ್ನೆ: ಅಮ್ಮನಿಗೆ 67 ವರ್ಷ. ಶುಗರ್, ಬಿ.ಪಿ. ಎರಡೂ ಇದೆ. ಮಣಿಪಾಲದಲ್ಲಿ ಒಬ್ಬ ಡಾಕ್ಟರು, ಊರಲ್ಲಿ ಇನ್ನೊಬ್ಬರು ನೋಡುತ್ತಾರೆ. ಏನು ಹೇಳಿದರೂ ಅಮ್ಮ "ಆಯ್ತು ಡಾಕ್ಟ್ರೇ" ಎಂದು ಎದ್ದು ಬರುತ್ತಾರೆ. ಮನೆಗೆ ಬಂದ ಮೇಲೆ ಯಾವ ಮಾತ್ರೆ ಯಾವುದಕ್ಕೆಂದೇ ಗೊತ್ತಿರುವುದಿಲ್ಲ. ಹೆಚ್ಚು ಕೇಳಿದರೆ ಡಾಕ್ಟರಿಗೆ ಬೇಸರವಾಗುತ್ತದಂತೆ. ಏನು ಮಾಡಲಿ?
– ಓದುಗರೊಬ್ಬರು, ಕಾಪು

ಉತ್ತರ: ಬೇಸರದ ಮಾತು ಹಾಗಿರಲಿ, ಮೊದಲು ಆ ಎರಡು ಚೀಟಿಗಳನ್ನು ನೋಡಿ. ಒಂದೇ ಮದ್ದು ಎರಡು ಕಂಪೆನಿಗಳ ಹೆಸರಲ್ಲಿ ಮನೆಗೆ ಬಂದಿರಬಹುದು. ಸ್ಟ್ರಿಪ್‌ನಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗೆ ಟೆಲ್ಮಿಸಾರ್ಟನ್ (ಬಿ.ಪಿ.ಗೆ), ಮೆಟ್‌ಫಾರ್ಮಿನ್ (ಶುಗರಿಗೆ) ಎಂದೆಲ್ಲ ಮೂಲ ಮದ್ದಿನ ಹೆಸರು, ಮಿಲಿಗ್ರಾಂ ಇರುತ್ತದೆ. ಹೋಲಿಸಬೇಕಾದ್ದು ಅದನ್ನು. ಎರಡು, ಮೂರು ಮದ್ದು ಸೇರಿದ ಮಾತ್ರೆಗಳೂ ಇವೆ, ಹಾಗಾಗಿ ಎಲ್ಲ ಸಾಲು ಓದಿ. ಎರಡರಲ್ಲೂ ಟೆಲ್ಮಿಸಾರ್ಟನ್ ಕಂಡರೆ ಅಮ್ಮ ಡಬಲ್ ನುಂಗುತ್ತಿದ್ದಾರೆ ಎಂದರ್ಥ. ಎದ್ದು ನಿಂತಾಗ ತಲೆ ತಿರುಗುವುದು ಅದರಿಂದಲೂ ಆದೀತು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಮುಂದಿನ ಸಲ ಹೋಗುವಾಗ ಮನೆಯ ಮದ್ದನ್ನೆಲ್ಲ ಚೀಲದಲ್ಲಿ ಕೊಂಡುಹೋಗಿ. ಲೇಹ್ಯ, ಕಷಾಯದ ಪುಡಿ, ಮೊಣಗಂಟು ನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ ಎಲ್ಲವೂ ಇರಲಿ. ಈ ನೋವಿನ ಮಾತ್ರೆಯ ಸುದ್ದಿಯನ್ನೇ ಹೆಚ್ಚಿನವರು ಎತ್ತುವುದಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥವು ಬಿ.ಪಿ. ಏರಿಸಬಹುದು, ಟೆಲ್ಮಿಸಾರ್ಟನ್ ಜೊತೆ ಕಿಡ್ನಿಗೂ ಪೆಟ್ಟು ಕೊಡಬಹುದು. ವಿಷಯ ತಿಳಿಯದ ಡಾಕ್ಟರು ಬಿ.ಪಿ. ಮದ್ದು ಹೆಚ್ಚಿಸಿ ಕಳಿಸುತ್ತಾರೆ!

ಪ್ರತಿ ಮದ್ದಿನ ಬಗ್ಗೆಯೂ ಕೇಳಿ: ಯಾವುದಕ್ಕೆ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡಬೇಕು. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಎಸ್‌ಓಎಸ್ ಎಂದಿದ್ದರೆ ತೊಂದರೆ ಕಾಣಿಸಿದಾಗ ಮಾತ್ರ.

ಅಮ್ಮ ಏಕಾದಶಿ ಮಾಡುತ್ತಾರೆಯೇ? ಹಾಗಿದ್ದರೆ ಉಪವಾಸದ ದಿನ ಶುಗರ್ ಮಾತ್ರೆ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು "ಆಯ್ತು ಡಾಕ್ಟ್ರೇ". ಕುರ್ಚಿಯಿಂದ ಏಳುವ ಮೊದಲು, "ನಾನು ತಿಳಿದದ್ದು ಸರಿಯಾ, ಒಮ್ಮೆ ಹೇಳ್ತೇನೆ" ಎಂದು ಅಮ್ಮನೇ ತಿರುಗಿ ಹೇಳಲಿ. ಅರ್ಧ ನಿಮಿಷದ ಕೆಲಸ, ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ. ಅವರಿಗೆ ತುಳು ಸಲೀಸಾದರೆ ತುಳು ಬಲ್ಲ ನರ್ಸನ್ನು ಕರೆಯಲು ಕೇಳಿ, ಸಂಕೋಚ ಬೇಡ. ಜೊತೆಗೆ ಹೋಗುವ ಮಕ್ಕಳು ಚೀಟಿ ಹಿಡಿದು ತಾವೇ ಮಾತಾಡಿ ಮುಗಿಸುವುದುಂಟು. ನೀವು ಬರೆದುಕೊಳ್ಳಿ, ಮಾತು ಅಮ್ಮನದಾಗಿರಲಿ.

ಹಳೆಯ ರಿಪೋರ್ಟುಗಳು ಕೈಯಲ್ಲಿಲ್ಲದಿದ್ದರೆ ಅರ್ಜಿ ಕೊಡಿ. ಕೇಳಿದ 72 ಗಂಟೆಗಳೊಳಗೆ ರೋಗಿಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ.