ಹಳೆಯ ಆರ್ ಆ್ಯಂಡ್ ಬಿ, ಈಗಿನ ಆರ್ ಆ್ಯಂಡ್ ಬಿ: ಹೆಸರೊಂದೇ, ಹಾಡು ಮಾತ್ರ ಬೇರೆ ಯಾಕೆ?

ನೀವು ಕೇಳಿದ್ದು ಇದು: 1950ರ ಆಸುಪಾಸಿನ ರಿದಮ್ ಆ್ಯಂಡ್ ಬ್ಲೂಸ್ (ಚಿಕ್ಕದಾಗಿ ಆರ್ ಆ್ಯಂಡ್ ಬಿ) ಕೇಳಿದರೆ ರಾಕ್ ಆ್ಯಂಡ್ ರೋಲ್ ಥರ ಕುಣಿಯೋಣ ಅನಿಸುತ್ತದೆ. ಈಗ ಆರ್ ಆ್ಯಂಡ್ ಬಿ ಅಂತ ಬರುವುದು ಮೆತ್ತಗಿನ ಪ್ರೇಮದ ಹಾಡು. ಎರಡಕ್ಕೂ ಒಂದೇ ಹೆಸರು ಹೇಗೆ? ಕೇಳಲು ಶುರು ಮಾಡುವುದು ಎಲ್ಲಿಂದ?

ಈ ಗೊಂದಲ ನನಗೂ ತುಂಬಾ ದಿನ ಇತ್ತು. ಒಂದು ಸಣ್ಣ ಸಂಗತಿ ಗೊತ್ತಾದ ಮೇಲೆ ಬಿಡಿಸಿಕೊಂಡಿತು. ಇದು ಹುಟ್ಟಿದಾಗ ಒಂದು ಸಂಗೀತ ಶೈಲಿಯ ಹೆಸರೇ ಅಲ್ಲ. ಅಂಗಡಿಯ ಕಪಾಟಿಗೆ ಅಂಟಿಸಿದ ಚೀಟಿ, ಅಷ್ಟೇ.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಜನಪ್ರಿಯ ಹಾಡುಗಳ ಪಟ್ಟಿ ಹಾಕುತ್ತದೆ. ಕಪ್ಪು ಜನ ಕೇಳುವ, ಕೊಳ್ಳುವ ಹಾಡುಗಳಿಗೆ ಬೇರೆಯೇ ಪಟ್ಟಿ ಇತ್ತು. 1942ರಲ್ಲಿ ಅದರ ಹೆಸರು 'ಹಾರ್ಲೆಮ್ ಹಿಟ್ ಪರೇಡ್'. ಹಾರ್ಲೆಮ್ ಅಂದರೆ ನ್ಯೂಯಾರ್ಕಿನಲ್ಲಿ ಕಪ್ಪು ಜನ ಹೆಚ್ಚಾಗಿದ್ದ ಬಡಾವಣೆ. 1945ರಲ್ಲಿ ಅದು 'ರೇಸ್ ರೆಕಾರ್ಡ್ಸ್' ಆಯಿತು. ಓಟದ ರೇಸ್ ಅಲ್ಲ, ಜನಾಂಗ ಅನ್ನುವ ಅರ್ಥದ ರೇಸ್. ಯುದ್ಧ ಮುಗಿದ ಮೇಲೆ ಈ ಮಾತು ಕಿವಿಗೆ ಚುಚ್ಚತೊಡಗಿತು. ಆಗ ಅಲ್ಲಿ ಕೆಲಸಕ್ಕಿದ್ದ ಜೆರ್ರಿ ವೆಕ್ಸ್ಲರ್ ಎಂಬ ಪತ್ರಕರ್ತ ಸೂಚಿಸಿದ ಹೆಸರೇ 'ರಿದಮ್ ಆ್ಯಂಡ್ ಬ್ಲೂಸ್'. 1949ರ ಜೂನ್‌ನಲ್ಲಿ ಪಟ್ಟಿಯ ತಲೆಬರಹ ಬದಲಾಯಿತು. ಒಳಗಿನ ಹಾಡುಗಳು ಹಿಂದಿನ ವಾರದವೇ!

ಆಮೇಲೂ ಚೀಟಿ ಬದಲಾಗುತ್ತಲೇ ಹೋಯಿತು. 1969ರಲ್ಲಿ 'ಸೋಲ್', 1982ರಲ್ಲಿ 'ಬ್ಲ್ಯಾಕ್', 1990ರಲ್ಲಿ ಮತ್ತೆ 'ಆರ್ ಆ್ಯಂಡ್ ಬಿ'. ಅಂದರೆ ಆ ಕಾಲದ ಕಪ್ಪು ಜನರ ಮನೆಯಲ್ಲಿ ಏನು ಓಡುತ್ತಿತ್ತೋ ಅದೇ ಆರ್ ಆ್ಯಂಡ್ ಬಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು, ಅಲ್ವಾ?

ಹಾಗಂತ ಮೊದಲ ಕಾಲದ ಹಾಡುಗಳಿಗೆ ಒಂದು ಚಹರೆ ಇರಲಿಲ್ಲ ಅಂತಲ್ಲ. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಷಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲೀಸ್ ಕಡೆ ಬಂದರು. ಕಾರ್ಖಾನೆ ಕೆಲಸ, ಕೈಯಲ್ಲಿ ಸ್ವಲ್ಪ ಕಾಸು, ಶನಿವಾರ ರಾತ್ರಿ ಗದ್ದಲದ ಬಾರು. ಆ ಗದ್ದಲದ ಮೇಲೆ ಕೇಳಿಸಬೇಕು ಅಂದರೆ ಒಂಟಿ ಗಿಟಾರು ಸಾಲದು. ಹದಿನೈದು ಜನರ ಬ್ಯಾಂಡ್ ಸಾಕುವುದಂತೂ ದುಬಾರಿ. ಹೀಗಾಗಿ ಲೂಯಿಸ್ ಜೋರ್ಡನ್ ಥರದವರು ಐದಾರು ಜನರ ತಂಡ ಕಟ್ಟಿದರು. ಸ್ಯಾಕ್ಸೊಫೋನ್, ಪಿಯಾನೊ, ಬೇಸ್, ಡ್ರಮ್ಸ್, ಜತೆಗೆ ಒಂದಿಷ್ಟು ತಮಾಷೆ. ದಕ್ಷಿಣದ ಕಪ್ಪು ಜನರ ಹಳೆಯ ಹಾಡಾದ ಬ್ಲೂಸ್‌ನ ಕಟ್ಟು ಹಾಗೇ ಉಳಿಯಿತು: ಮೊದಲ ಸಾಲು ಎರಡು ಸಲ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ. ನಡಿಗೆ ಮಾತ್ರ ಚುರುಕಾಯಿತು.

ಆ ನಡಿಗೆಗೆ ಶಫಲ್ ಅನ್ನುತ್ತಾರೆ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗ ಕಲಿತು ಬಿಟ್ಟವನು ನಾನು, ಆ ಅರೆಬರೆ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ತಿಶ್ರ ನಡೆಯಲ್ಲಿ ತಕಿಟ ತಕಿಟ ಅಂತ ಹೇಳಿ. ಈಗ ನಡುವಿನ 'ಕಿ' ನುಂಗಿಬಿಡಿ. ತ–ಟ, ತ–ಟ. ಅದೇ ಶಫಲ್, ಕುಂಟಿಕೊಂಡು ಕುಣಿಯುವ ಹಾಗೆ. ಇದರ ಮೇಲೆ ಒಂದರಿಂದ ನಾಲ್ಕು ಎಣಿಸುತ್ತಾ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ಹೊಡೆಯಬೇಕು. ನಮ್ಮೂರ ಭಜನೆಯ ಅಭ್ಯಾಸದಲ್ಲಿ ನಾನು ಒಂದಕ್ಕೇ ಹೊಡೆಯುತ್ತಿದ್ದೆ. ಗಿಟಾರ್ ನುಡಿಸುವ ಗೆಳೆಯನೊಬ್ಬ ಕೈ ಹಿಡಿದು ನಿಲ್ಲಿಸಿದ.

ರಾಕ್ ಆ್ಯಂಡ್ ರೋಲ್ ಬೇರೆಯೇ ಗ್ರಹದಿಂದ ಇಳಿದದ್ದಲ್ಲ. ಕ್ಲೀವ್‌ಲೆಂಡ್‌ನ ರೇಡಿಯೊದಲ್ಲಿ ಅಲನ್ ಫ್ರೀಡ್ ಎಂಬ ಬಿಳಿಯ ನಿರೂಪಕ ಇದೇ ರೆಕಾರ್ಡುಗಳನ್ನು ರಾತ್ರಿ ಹಾಕುತ್ತಿದ್ದ, ಆ ಹೆಸರನ್ನು ಹಬ್ಬಿಸಿದವನು ಅವನೇ. ಬಿಳಿಯ ಗಾಯಕರು ಇವೇ ಹಾಡುಗಳನ್ನು ತೊಳೆದು ಇಸ್ತ್ರಿ ಮಾಡಿ ಮತ್ತೆ ಹಾಡಿದರು. 1955ರಲ್ಲಿ ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡಾಮಿನೊ ಹಾಡಿದ 'ಏಂಟ್ ದಟ್ ಎ ಶೇಮ್' ಪಾಪ್ ಪಟ್ಟಿಯಲ್ಲಿ 10ಕ್ಕೆ ನಿಂತಿತು. ಅದನ್ನೇ ಪ್ಯಾಟ್ ಬೂನ್ ಹಾಡಿದಾಗ 1ಕ್ಕೆ ಹೋಯಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ನನಗಂತೂ ಬೂನ್‌ದು ಉಪ್ಪಿಲ್ಲದ ಸಾರು.

ದುಡ್ಡಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ರೂತ್ ಬ್ರೌನ್ ಇಲ್ಲಿದ್ದಾರೆ, ನನಗೆ ತುಂಬಾ ಇಷ್ಟದ ದನಿ. ಸಾಲಿನ ಕೊನೆಯಲ್ಲಿ ಕೀಚಲು ಥರ ಸಣ್ಣಗೆ ಒಡೆಯುತ್ತದೆ. 1947ರಲ್ಲಿ ಶುರುವಾದ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಗೆ ಈಕೆಯಿಂದ ಎಷ್ಟು ಹಿಟ್ ಬಂದವು ಅಂದರೆ, ಆ ಕಂಪನಿಯನ್ನು 'ರೂತ್ ಕಟ್ಟಿದ ಮನೆ' ಅಂತಲೇ ಕರೆಯುತ್ತಿದ್ದರು. ಆದರೆ ಆಗಿನ ಪದ್ಧತಿಯಲ್ಲಿ ಸ್ಟುಡಿಯೊ ಖರ್ಚು ಗಾಯಕರ ಲೆಕ್ಕಕ್ಕೇ ಬೀಳುತ್ತಿತ್ತು. ಪುಸ್ತಕದಲ್ಲಿ ಸಾಲ ತೀರುವುದೇ ಇಲ್ಲ, ರಾಯಲ್ಟಿ ಕೈಗೆ ಬರುವುದೇ ಇಲ್ಲ. ನಮ್ಮ ಕಡೆಯ ಜೀತದ ಲೆಕ್ಕ ನೆನಪಾಗುತ್ತದೆ. 1960ರ ದಶಕದಲ್ಲಿ ರೂತ್ ಮಕ್ಕಳನ್ನು ಸಾಕಲು ಶಾಲೆಯ ಬಸ್ಸು ಓಡಿಸಿದರು, ಮನೆಗೆಲಸಕ್ಕೂ ಹೋದರು. 1980ರ ದಶಕದಲ್ಲಿ ಒಬ್ಬ ವಕೀಲರ ಜತೆ ಸೇರಿ ಹಟಕ್ಕೆ ಬಿದ್ದರು. 1988ರಲ್ಲಿ ಕಂಪನಿ ಅವರದೂ ಇನ್ನೂ ಹಲವು ಹಳೆಯ ಗಾಯಕರದೂ ಸಾಲ ಮನ್ನಾ ಮಾಡಿ ಬಾಕಿ ಕೊಟ್ಟಿತು. ಕಷ್ಟದಲ್ಲಿರುವ ಕಲಾವಿದರಿಗಾಗಿ ರಿದಮ್ ಆ್ಯಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿದ್ದೂ ಆಗಲೇ. ಮರುವರ್ಷ ಬ್ರಾಡ್‌ವೇ ರಂಗದಲ್ಲಿ ಹಾಡಿದ್ದಕ್ಕೆ ರೂತ್‌ಗೆ ಟೋನಿ ಪ್ರಶಸ್ತಿ ಬಂತು.

ಸರಿ, ಕುಣಿತ ಮೆತ್ತಗಾದದ್ದು ಹೇಗೆ? ಮೊದಲು ಚರ್ಚ್ ಒಳಗೆ ಬಂತು. 1954ರಲ್ಲಿ ರೇ ಚಾರ್ಲ್ಸ್ ದೇವರ ಹಾಡಿನ ಧಾಟಿಗೆ ಹೆಣ್ಣಿನ ಮೇಲಿನ ಮಾತು ಕೂರಿಸಿದರು. ಭಕ್ತರಿಗೆ ಸಿಟ್ಟು ಬಂತು, ಯುವಕರು ಮುಗಿಬಿದ್ದರು. ಅಲ್ಲಿಂದ ಸೋಲ್ ಅನ್ನುವ ಶೈಲಿ. ಡೆಟ್ರಾಯಿಟ್‌ನಲ್ಲಿ ಬೆರ್ರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ಶುರು ಮಾಡಿದ್ದು ಮುಂದೆ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಆಯಿತು. ಅದರ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ಇಲ್ಲಿ ಬಿಡುತ್ತೇನೆ. 1965ರ ಹೊತ್ತಿಗೆ ಜೇಮ್ಸ್ ಬ್ರೌನ್ ಒತ್ತನ್ನು ಎರಡು–ನಾಲ್ಕರಿಂದ ಎತ್ತಿ ಒಂದರ ಮೇಲೆ ತಂದಿಟ್ಟರು. ನಮ್ಮ ಮಾತಿನಲ್ಲಿ ಹೇಳಿದರೆ ಸಮದ ಮೇಲೆ. ಅದೇ ಫಂಕ್. ಅವರ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಕೆಲವೇ ಸೆಕೆಂಡಿನ ಒಂದು ತುಣುಕನ್ನು ಕತ್ತರಿಸಿ ಹಿಪ್‌ಹಾಪ್‌ನವರು ನೂರಾರು ಹಾಡು ಕಟ್ಟಿದ್ದಾರೆ.

ಮೆತ್ತಗಿನ ಹಾಡಿಗೆ ಇನ್ನೊಂದು ದಾರಿಯಿದೆ. ಅದು ರೇಡಿಯೊದ್ದು. 1976ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಮೆಲ್ವಿನ್ ಲಿಂಡ್ಸೆ ಎಂಬ ವಿದ್ಯಾರ್ಥಿ ರಾತ್ರಿ ಹೊತ್ತು ಬರೀ ನಿಧಾನದ ಪ್ರೇಮಗೀತೆ ಹಾಕತೊಡಗಿದ. ಕಾರ್ಯಕ್ರಮಕ್ಕೆ ಇಟ್ಟ ಹೆಸರು 'ಕ್ವಯಟ್ ಸ್ಟಾರ್ಮ್', ಸ್ಮೋಕಿ ರಾಬಿನ್ಸನ್ ಹಿಂದಿನ ವರ್ಷ ತಂದಿದ್ದ ಆಲ್ಬಮ್‌ನಿಂದ ತೆಗೆದುಕೊಂಡದ್ದು. ಕೆಲಸ ಮುಗಿಸಿ ದಣಿದು ಬಂದವರಿಗೆ ಹಿಡಿಸಿತು. ಬೇರೆ ಊರಿನ ಕೇಂದ್ರಗಳೂ ಅದನ್ನೇ ಮಾಡಿದವು. ರೇಡಿಯೊದಲ್ಲಿ ರಾತ್ರಿಗೆ ಇಷ್ಟು ಜಾಗ ಸಿಕ್ಕ ಮೇಲೆ ಆ ಜಾಗಕ್ಕೆಂದೇ ಹಾಡು ತಯಾರಾಯಿತು. ನೀವು ಈಗ ಕೇಳುತ್ತಿರುವ ಆರ್ ಆ್ಯಂಡ್ ಬಿಯ ದೊಡ್ಡ ಪಾಲು ಆ ರಾತ್ರಿಯ ಮೊಮ್ಮಗು.

ಅಂದಹಾಗೆ, ಹಳೆಯ ಶಫಲ್ ಸತ್ತಿಲ್ಲ. ನ್ಯೂ ಆರ್ಲಿಯನ್ಸ್ ಕಡೆಯ ರೆಕಾರ್ಡುಗಳು ರೇಡಿಯೊ ಅಲೆಯ ಮೇಲೂ ಹಡಗಿನಲ್ಲೂ ಜಮೈಕಾ ಮುಟ್ಟಿದವು. ಕಿಂಗ್‌ಸ್ಟನ್‌ನಲ್ಲಿ ಲಾರಿಯಷ್ಟು ದೊಡ್ಡ ಸ್ಪೀಕರ್ ಇಟ್ಟುಕೊಂಡು ಬೀದಿಯಲ್ಲಿ ಹಾಕುತ್ತಿದ್ದರು. ಅಲ್ಲಿನವರು ಆ 'ತ' ಮೆಲ್ಲಗೆ ಮಾಡಿ 'ಟ' ಜೋರು ಮಾಡಿದರು. ಸ್ಕಾ ಅನ್ನುವ ಜಮೈಕಾದ ಶೈಲಿ ಬಂತು, ಅದರ ಬೆನ್ನಿಗೇ ರೆಗ್ಗೇ.

ಶುರು ಮಾಡುವುದಾದರೆ ಲೂಯಿಸ್ ಜೋರ್ಡನ್‌ರಿಂದ ಮಾಡಿ, ಆಮೇಲೆ ರೂತ್ ಬ್ರೌನ್, ಫ್ಯಾಟ್ಸ್ ಡಾಮಿನೊ, ರೇ ಚಾರ್ಲ್ಸ್. ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಅರ್ಧ ಹಾಡು ಅಲ್ಲೇ ಇರುತ್ತದೆ.